ಅಂಪೈರನ್ನು ಬೈಯದ ಎಂಟು ವಾರ

ಲಿಂಡೆನ್, ನೆಬ್ರಾಸ್ಕ
ಮೇ ೧೨, ೧೯೩೮

ಪ್ರೀತಿಯ ಲುಡ್ವಿಕ್,

ಹಾಡಹಗಲಲ್ಲಿ ಬೇಸ್‌ಬಾಲ್ ಮೈದಾನಕ್ಕೆ ಲಾಟೀನು ಹಚ್ಚಿಕೊಂಡು ಬ್ಯಾಟ್ ಮಾಡಲು ಹೋದೆಯಂತೆ! ನಿನ್ನೆ ಮಧ್ಯಾಹ್ನ ತಂತಿಯಲ್ಲಿ ಬಂದದ್ದು ಇಷ್ಟೇ: "ಹವ್ರಾನೆಕ್. ಮೈದಾನದಿಂದ ಹೊರಕ್ಕೆ. ಕಾರಣ: ಲಾಟೀನು." ಏಳು ವರ್ಷದಿಂದ ರೇಡಿಯೋ ಸ್ಟೇಷನ್ನಿನಲ್ಲಿ ತಂತಿ ಕೇಳಿ ಟೈಪ್ ಮಾಡುವ ಈ ಕೆಲಸ ಮಾಡುತ್ತಿದ್ದೇನೆ, ಇಂಥದ್ದೊಂದನ್ನು ಟೈಪ್ ಮಾಡಿದ್ದು ಇದೇ ಮೊದಲು. ಇನ್ನಿಂಗ್ಸ್ ಮುಗಿದ ಮೇಲೆ ನಿಮ್ಮ ಮೈದಾನದಲ್ಲಿ ತಂತಿ ಕುಟ್ಟುವ ಗಿಲ್‌ನನ್ನು ವಿಚಾರಿಸಿದೆ. ನೀನು ಲಾಟೀನನ್ನು ಅಂಪೈರ್ ಟ್ವೀಡಿಯ ಮೂಗಿನ ಹತ್ತಿರ ಹಿಡಿದು, "ಈಗಾದ್ರೂ ಕಾಣುತ್ತಾ ಯಜಮಾನ್ರೇ?" ಅಂದೆಯಂತೆ.

ರೇಡಿಯೋದಲ್ಲಿ ಆಟ ವರ್ಣಿಸುವ ನಮ್ಮ ಮರ್ಲ್‌ಗೆ ಹಬ್ಬ. ನಾನು ಕೊಟ್ಟ ಒಂದು ಸಾಲಿನ ಚೀಟಿ ಹಿಡಿದುಕೊಂಡು ಮೈಕಿನ ಮುಂದೆ ಕಾಲು ಗಂಟೆ ಉಪ್ಪುಖಾರ ಹಚ್ಚಿದ, ತಾನೇ ನಿಮ್ಮ ಮೈದಾನದ ಮುಂದಿನ ಸಾಲಿನಲ್ಲಿ ಕೂತವನ ಹಾಗೆ. ನಾನೂರು ಮೈಲಿ ದೂರದ ಗಾಜಿನ ಕೋಣೆಯಲ್ಲಿ ಕೂತು ಪೆನ್ಸಿಲ್‌ನಲ್ಲಿ ಸಿಗಾರ್ ಡಬ್ಬಿ ಬಡಿದು ಬ್ಯಾಟಿನ ಸದ್ದು ಮಾಡುತ್ತಾನೆ ಎನ್ನುವುದು ಈ ಊರಿಗೆಲ್ಲ ಗೊತ್ತು, ಆದರೂ ಎಲ್ಲರೂ ನಂಬುತ್ತಾರೆ. ಮೊನ್ನೆ ತಂತಿ ಆರು ನಿಮಿಷ ಸತ್ತುಬಿದ್ದಾಗ ಬೆವರು ಒರೆಸಿಕೊಳ್ಳುತ್ತಾ ನಿನ್ನ ಕೈಯಲ್ಲಿ ಒಂಬತ್ತು ಫೌಲ್ ಹೊಡೆಸಿದ. ಎರಡು ಸ್ಟ್ರೈಕ್ ಆದ ಮೇಲೆ ಗೆರೆಯಾಚೆ ಹೋದ ಚೆಂಡು ಲೆಕ್ಕಕ್ಕಿಲ್ಲವಲ್ಲ, ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಅಮ್ಮ ಮನೆಯಲ್ಲಿ ಕೂತು ಒಂಬತ್ತನ್ನೂ ಎಣಿಸಿದಳು. ಮೂರು ಸ್ಟ್ರೈಕಿಗೆ ಔಟ್ ಅನ್ನುವುದು ಬಿಟ್ಟರೆ ಅವಳಿಗೆ ಈ ಆಟದಲ್ಲಿ ಬೇರೇನೂ ತಿಳಿಯದು. ನಿನ್ನ ಜಗಳ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಲಾಟೀನಿನ ಕಥೆಗೆ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳಂತೆ.

ನನಗೆ ನಗು ಬರಲಿಲ್ಲ ಲುಡ್ವಿಕ್. ಈ ಬೇಸಿಗೆಯಲ್ಲಿ ಷಿಕಾಗೋದ ದೊಡ್ಡ ತಂಡದವರು ನಿನ್ನನ್ನು ನೋಡಲು ಆಳು ಕಳಿಸುತ್ತಾರೆ ಎಂದು ನೀನೇ ಬರೆದಿದ್ದೆ. ಏಳು ವರ್ಷ ಬಸ್ಸಿನ ಸೀಟಿನಲ್ಲಿ ಮಲಗಿ ಸಣ್ಣ ಊರುಗಳ ಸಣ್ಣ ತಂಡಗಳಿಗೆ ಆಡಿದ್ದೀಯ. ಇಪ್ಪತ್ತೆಂಟು ತುಂಬಿತು. ಆ ಆಳು ಬಂದ ದಿನವೇ ನೀನು ಲಾಟೀನು ಹಿಡಿದರೆ ಏನು ಗತಿ?

ನಿನ್ನ ಅಕ್ಕ,
ಒಟಿಲಿ


ಕಾರ್ಬಿನ್, ಒಕ್ಲಹೋಮ
ಮೇ ೧೯

ಒಟಿಲಿ ಅಕ್ಕಾ,

ಆ ಆಳು ಅವತ್ತೇ ಬಂದಿದ್ದ! ಮೂರನೇ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನಂತೆ. ಮಾರನೆಯ ದಿನ ನಾನು ನಾಲ್ಕು ಸಲ ಬ್ಯಾಟ್ ಹಿಡಿದು ಮೂರು ಸಲ ಹೊಡೆದೆ. ಅವನು ನಮ್ಮ ಮ್ಯಾನೇಜರ್ ಬ್ಯಾಸ್ಕಮ್‌ಗೆ, "ಇವನ ಬಾಯಿ ಸ್ವಲ್ಪ ಉದ್ದ, ಬ್ಯಾಟು ಅದಕ್ಕಿಂತ ಉದ್ದ" ಎಂದು ಹೇಳಿ ಹೋದನಂತೆ. ಆಗಸ್ಟ್‌ವರೆಗೆ ಹೀಗೇ ಹೊಡೆದರೆ ಸೆಪ್ಟೆಂಬರ್ ಒಂದಕ್ಕೆ ಷಿಕಾಗೋ ರೈಲು ಹತ್ತುವುದೇ.

ಟ್ವೀಡಿ ನನ್ನ ಲಾಟೀನು ಕಿತ್ತುಕೊಂಡು ಇನ್ನೂ ವಾಪಸ್ ಕೊಟ್ಟಿಲ್ಲ. ಹೋದ ವರ್ಷ ಅವನ ಜೇಬಿನಲ್ಲಿರುವ ಮಣ್ಣು ಗುಡಿಸುವ ಪುಟ್ಟ ಪೊರಕೆ ಕದ್ದದ್ದಕ್ಕೆ ಸೇಡು. ನಿಜ ಹೇಳಲಾ, ಈ ಲೀಗಿನಲ್ಲಿ ಅವನಷ್ಟು ಸರಿಯಾಗಿ ನೋಡುವ ಅಂಪೈರ್ ಇನ್ನೊಬ್ಬನಿಲ್ಲ. ಹಾಗಂತ ಬಿಟ್ಟುಬಿಡಲು ಆಗುತ್ತದೆಯೇ? ಸ್ಟ್ರೈಕ್ ಅಂದಾಗ ನಾನು ಬೈಯದಿದ್ದರೆ ಅವನಿಗೇ ಊಟ ಸೇರುವುದಿಲ್ಲ.

ಅಮ್ಮನಿಗೆ ಹೇಳು, ಗಸಗಸೆ ಬನ್ನು ಮೂರು ದಿನದ ಬಸ್ ಪ್ರಯಾಣ ತಡೆಯುತ್ತದೆ.

ನಿನ್ನ ತಮ್ಮ,
ಲುಡ್ವಿಕ್


ಲಿಂಡೆನ್
ಜೂನ್ ೯

ಲುಡ್ವಿಕ್,

ನಿನ್ನೆ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಟೈಪ್ ಮಾಡಿದ್ದು ಇದು: "ಹವ್ರಾನೆಕ್. ಚೆಂಡು ತಲೆಗೆ. ಎದ್ದಿಲ್ಲ." ನಾಲ್ಕು ನಿಮಿಷದ ಮೇಲೆ: "ಹೊತ್ತೊಯ್ದರು." ನನ್ನ ಬೆರಳುಗಳೇ ಇವನ್ನು ಟೈಪ್ ಮಾಡಿದವು.

ಚೀಟಿ ಓದಿ ಮರ್ಲ್ ನನ್ನ ಮುಖ ನೋಡಿದ. ನಾನು ಗಾಜಿನ ಈಚೆಯಿಂದ ಎರಡೂ ಕೈ ಅಲ್ಲಾಡಿಸಿದೆ, ಬೇಡ ಬೇಡ ಎಂದು. ಅಮ್ಮ ಕೇಳುತ್ತಿರುತ್ತಾಳೆ. ಅವನು, ಚೆಂಡು ನಿನ್ನ ಭುಜಕ್ಕೆ ತಗುಲಿತೆಂದೂ, ನೀನು ಟೋಪಿ ತೆಗೆದು ಜನಕ್ಕೆ ನಮಸ್ಕಾರ ಹಾಕಿ, ಚೆಂಡೆಸೆದ ಪಿಚರ್‌ನ ಅಪ್ಪ ಅಮ್ಮನನ್ನೆಲ್ಲ ವಿಚಾರಿಸಿಕೊಳ್ಳುತ್ತಾ ನಡೆದು ಹೋದೆಯೆಂದೂ ಹೇಳಿದ. ಮನೆಗೆ ಹೋದರೆ ಅಮ್ಮ, "ಭುಜಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚೋದಕ್ಕೆ ಬರಿಯೇ ಅವನಿಗೆ" ಅಂದಳು. ಬರೆಯುತ್ತೇನೆ ಅಂದೆ.

ಗಿಲ್ ಹೇಳಿದ, ಎಡ ಕೆನ್ನೆಲುಬಿನ ಮೇಲೆ, ಕಿವಿಯ ಮುಂದೆ ತಗುಲಿತೆಂದು. ಆಸ್ಪತ್ರೆಯಲ್ಲಿ ಎಚ್ಚರವಾಯಿತೆಂದೂ ಹೇಳಿದ. ನಾನು ಅದನ್ನು ನಂಬುವುದಿಲ್ಲ. ಎರಡೇ ಸಾಲಾದರೂ ಸರಿ, ನಿನ್ನ ಕೈಯಾರೆ ಬರೆ. ಬೇರೆಯವರ ಕೈಯಲ್ಲಿ ಬರೆಸಬೇಡ.

ಒಟಿಲಿ


ಕಾರ್ಬಿನ್
ಜೂನ್ ೧೪

ಅಕ್ಕಾ,

ನನ್ನ ಕೈಯೇ. ನೋಡಿಕೋ. ಸಾಲು ಸ್ವಲ್ಪ ಸೊಟ್ಟಗಿದೆ, ಮಲಗಿಕೊಂಡು ಬರೆಯುತ್ತಿದ್ದೇನೆ.

ಡಾಕ್ಟರು ಬೆರಳು ತೋರಿಸಿದರು, ಸರಿಯಾಗಿ ಎಣಿಸಿದೆ. ಮುಖ ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಎರಡು ವಾರಕ್ಕೆ ಮೈದಾನ. ಬ್ಯಾಸ್ಕಮ್ ದಿನಾ ಬಂದು, "ಷಿಕಾಗೋದವ್ರು ಫೋನ್ ಮಾಡಿದ್ರು, ಏನ್ ಹೇಳ್ಲಿ?" ಅನ್ನುತ್ತಾನೆ. ಸುಖವಾಗಿದ್ದಾನೆ ಅಂತ ಹೇಳು ಅಂದೆ.

ಮರ್ಲ್ ನನ್ನ ಕೈಲಿ ನಿಜವಾಗಿ ಟೋಪಿ ತೆಗೆಸಿದನಾ? ಅವನಿಗೆ ನನ್ನ ಲೆಕ್ಕದಲ್ಲಿ ಒಂದು ಬಿಯರ್ ಕೊಡಿಸು. ಅಮ್ಮನಿಗೆ ಆ ಕಥೆಯೇ ಇರಲಿ.

ಲುಡ್ವಿಕ್


ಲಿಂಡೆನ್
ಜುಲೈ ೬

ಪ್ರೀತಿಯ ಲುಡ್ವಿಕ್,

ನೀನು ಮತ್ತೆ ಆಡಲು ಇಳಿದು ಎರಡು ವಾರವಾಗುತ್ತಾ ಬಂತು. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನೀನು ಬ್ಯಾಟ್ ಬೀಸಿ ಚೆಂಡು ತಪ್ಪಿದರೆ ತಂತಿಯಲ್ಲಿ 'ಬೀಸಿದ' ಎಂದು ಬರುತ್ತದೆ. ಬೀಸದೆ ನಿಂತು, ಒಳ್ಳೆಯ ಚೆಂಡು ಮುಂದೆಯೇ ಹಾದುಹೋಗಿ, ಅಂಪೈರ್ ಸ್ಟ್ರೈಕ್ ಅಂದರೆ 'ಸುಮ್ಮನೆ ನಿಂತ' ಎಂದು ಬರುತ್ತದೆ. ಮೊನ್ನೆ ಹಳೆಯ ಚೀಟಿಗಳನ್ನೆಲ್ಲ ತೆಗೆದು ಹರಡಿಕೊಂಡು ಕೂತೆ. ಮೇ ತಿಂಗಳಿಡೀ ನೀನು ಸುಮ್ಮನೆ ನಿಂತದ್ದು ಒಂಬತ್ತು ಸಲ. ಈ ಹನ್ನೆರಡು ದಿನದಲ್ಲಿ ಮೂವತ್ತೊಂದು ಸಲ. ನೀನು ಬ್ಯಾಟ್ ಹಿಡಿದು ನಿಂತಾಗ ಪಿಚರ್ ಕಡೆಗಿರುವುದು ನಿನ್ನ ಎಡಗಣ್ಣು ಅಲ್ಲವೇ?

ಅದಕ್ಕಿಂತ ಹೆದರಿಕೆಯಾದದ್ದು ಇನ್ನೊಂದು. ಗಿಲ್ ನಿನ್ನೆ ಬಿಡುವಿನಲ್ಲಿ ಕುಟ್ಟಿದ: "ನಿಮ್ಮ ತಮ್ಮ ಈಗ ಬಹಳ ಒಳ್ಳೆಯವನಾಗಿದ್ದಾನೆ. ಅಂಪೈರ್ ಏನಂದರೂ ತುಟಿ ಬಿಚ್ಚುವುದಿಲ್ಲ." ನೀನು ತುಟಿ ಬಿಚ್ಚುವುದಿಲ್ಲ! ಮರ್ಲ್‌ಗೆ ಇದು ಗೊತ್ತಿಲ್ಲ. ಅವನು ಪ್ರತಿ ಆಟದಲ್ಲೂ ನಿನಗೂ ಟ್ವೀಡಿಗೂ ಎರಡು ಜಗಳ ಹಚ್ಚುತ್ತಾನೆ, ಜನರಿಗೆ ಅದು ಬೇಕು. ಅಮ್ಮ ಕೇಳಿ ನಗುತ್ತಾಳೆ. ನಾನು ಗಾಜಿನ ಈಚೆ ಕೂತು ನೀನು ಸುಮ್ಮನೆ ನಿಂತ ಚೀಟಿಗಳನ್ನು ಎಣಿಸುತ್ತೇನೆ. ಊರಿಗೆ ಊರೇ ಒಬ್ಬ ಲುಡ್ವಿಕ್‌ನನ್ನು ಕೇಳುತ್ತಿದೆ, ನಾನೊಬ್ಬಳು ಇನ್ನೊಬ್ಬನನ್ನು ಟೈಪ್ ಮಾಡುತ್ತಿದ್ದೇನೆ.

ನಿನ್ನ ಕಾಗದದ ಸಾಲುಗಳು ಎದ್ದು ಕೂತ ಮೇಲೂ ಸೊಟ್ಟಗೇ ಇವೆ. ನಿಜ ಹೇಳು. ಆ ಕಣ್ಣು ಕಾಣುತ್ತದೆಯೇ?

ನಿನ್ನ ಅಕ್ಕ,
ಒಟಿಲಿ


ಕಾರ್ಬಿನ್
ಜುಲೈ ೧೧

ಒಟಿಲಿ,

ನೀನು ತಂತಿಯ ಚುಕ್ಕಿ ಎಣಿಸು, ನಾನು ಆಡುತ್ತೇನೆ. ಈಗಲೂ ಹತ್ತಕ್ಕೆ ಮೂರು ಹೊಡೆಯುತ್ತಿದ್ದೇನೆ. ಎರಡೂ ಕಣ್ಣು ನೆಟ್ಟಗಿರುವ ಎಷ್ಟು ಜನ ಅಷ್ಟು ಹೊಡೆಯುತ್ತಾರೆ, ನಿನ್ನ ಚೀಟಿಯಲ್ಲಿ ಹುಡುಕು.

ಬೈಯದಿರುವುದು ನನ್ನ ಇಷ್ಟ. ಷಿಕಾಗೋದಲ್ಲಿ ದೊಡ್ಡ ಬಾಯಿ ನಡೆಯುವುದಿಲ್ಲ, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಸರಿ, ಬೆಳಗ್ಗೆಯಿಂದ ಈ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. ನಿನಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಚೆಂಡು ಒಂದೊಂದು ಸಲ ಎರಡಾಗಿ ಬರುತ್ತದೆ. ಕೆಳಗಿನದಕ್ಕೆ ಹೊಡೆದರೆ ಬಹುಪಾಲು ಸಿಗುತ್ತದೆ. ಎಡಗಡೆಯಿಂದ ಒಳಕ್ಕೆ ಬರುವ ಚೆಂಡು ಮಾತ್ರ ಅರ್ಧ ದಾರಿಯಲ್ಲಿ ಮಾಯವಾಗಿ ನನ್ನ ಹಿಂದೆ ಕೂತ ಕ್ಯಾಚರ್ ಕೈಗೆ ಬಿದ್ದ ಸದ್ದೇ ಕೇಳುತ್ತದೆ. ಆಮೇಲೆ ಟ್ವೀಡಿ ಸ್ಟ್ರೈಕ್ ಅಂದರೆ ಏನಂತ ಬೈಯಲಿ? ಚೆಂಡನ್ನು ನೋಡಿದವನಲ್ಲವೇ ಬೈಯಬೇಕು?

ಇದು ಹೋಗುತ್ತದೆ. ಹೋಗದಿದ್ದರೂ ಷಿಕಾಗೋದಲ್ಲಿ ಒಂದೇ ಒಂದು ಆಟ ಆಡಿದರೆ ಸಾಕು, ನನ್ನ ಹೆಸರು ದೊಡ್ಡ ಲೀಗಿನ ಪುಸ್ತಕದಲ್ಲಿ ಇರುತ್ತದೆ. ಬ್ಯಾಸ್ಕಮ್‌ಗೆ ಒಂದು ಮಾತು ಹೋದರೂ ನಾನು ನಿನಗೆ ತಮ್ಮನಲ್ಲ. ಇದನ್ನು ಕೋಪದಲ್ಲಿ ಬರೆಯುತ್ತಿಲ್ಲ.

ಲುಡ್ವಿಕ್


ಲಿಂಡೆನ್
ಆಗಸ್ಟ್ ೨

ಮಗನೇ ಲುಡ್ವಿಕ್,

ಒಟಿಲಿ ಕೈಲಿ ಬರೆಸಿದರೆ ಅವಳು ಅರ್ಧ ಬಿಡುತ್ತಾಳೆ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಬನ್ನು ಕಳಿಸಿದ್ದೇನೆ. ನಾಲ್ಕರಲ್ಲಿ ಗಸಗಸೆ, ಎಂಟರಲ್ಲಿ ಪ್ಲಮ್ ಹಣ್ಣು.

ನಿನ್ನ ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳಿದರೆ ಸೆಖೆ ಅನ್ನುತ್ತಾಳೆ. ನೀನಾದರೂ ಕೇಳಿ ನೋಡು, ಯಾರಾದರೂ ಗಂಡಸಿನ ವಿಷಯವಾಗಿದ್ದರೆ ನಾನು ಬೈಯುವುದಿಲ್ಲ.

ನಿನ್ನ ಬಗ್ಗೆ ನನಗೆ ಚಿಂತೆಯಿಲ್ಲ. ನಿನ್ನೆಯೂ ಆ ಅಂಪೈರನ್ನು ಕುರುಡು ಗೂಬೆ ಅಂದೆಯಂತೆ, ಮರ್ಲ್ ಹೇಳಿದ. ಪಾದ್ರಿಗಳು ಕೇಳುತ್ತಿರುತ್ತಾರೆ, ಸ್ವಲ್ಪ ನೋಡಿಕೊಂಡು ಬೈ. ಆದರೆ ಬಿಡಬೇಡ. ನೀನು ಚಿಕ್ಕವನಿದ್ದಾಗ ಮನೆಯಲ್ಲಿ ಗಲಾಟೆಯಿದ್ದರೆ ನಾನು ನೆಮ್ಮದಿಯಾಗಿ ಹಿಟ್ಟು ನಾದುತ್ತಿದ್ದೆ. ಸದ್ದು ನಿಂತಿತು ಅಂದರೆ ಕೈ ತೊಳೆದುಕೊಂಡು ಓಡಿ ಬರುತ್ತಿದ್ದೆ, ಜ್ವರ ಬಂದಿರುತ್ತಿತ್ತು. ಒಂದು ಸಲವೂ ತಪ್ಪಿಲ್ಲ.

ಭುಜ ಹೇಗಿದೆ?

ಅಮ್ಮ


ಲಿಂಡೆನ್
ಆಗಸ್ಟ್ ೧೫

ಲುಡ್ವಿಕ್,

ಷಿಕಾಗೋದಿಂದ ಕರೆ ಬಂದ ಸುದ್ದಿ ಇಲ್ಲಿಯ ಪತ್ರಿಕೆಯಲ್ಲಿ ನಿನ್ನ ಫೋಟೋ ಸಮೇತ ಬಂತು. ಬೇಕರಿಯವನು ಕೇಕಿನ ಮೇಲೆ ನಿನ್ನ ಹೆಸರು ಬರೆದು ಕಿಟಕಿಯಲ್ಲಿಟ್ಟಿದ್ದಾನೆ. ದಾರಿಯಲ್ಲಿ ಸಿಕ್ಕವರೆಲ್ಲ ನನ್ನ ಕೈ ಕುಲುಕುತ್ತಾರೆ. ನಾನು ನಗುತ್ತೇನೆ. ನಗುತ್ತಲೇ ಬೇಗ ಬೇಗ ಮನೆಗೆ ಬರುತ್ತೇನೆ.

ಅಲ್ಲಿನ ಪಿಚರ್‌ಗಳು ಇಲ್ಲಿನವರಿಗಿಂತ ಎಷ್ಟು ಜೋರಾಗಿ ಎಸೆಯುತ್ತಾರೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅರ್ಧ ದಾರಿಯಲ್ಲಿ ಮಾಯವಾಗುವ ಚೆಂಡು ಇನ್ನೊಂದು ಸಲ ಅದೇ ಜಾಗಕ್ಕೆ ಬಂದರೆ ನೀನು ಏಳುವುದಿಲ್ಲ.

ಬ್ಯಾಸ್ಕಮ್‌ಗೆ ಒಂದು ಕಾಗದ ಬರೆದೆ. ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ, ಎರಡು ದಿನ. ಅದನ್ನು ಇದರ ಜೊತೆಯಲ್ಲೇ ಇಟ್ಟಿದ್ದೇನೆ, ಸ್ಟಾಂಪು ಹಚ್ಚಿದೆ. ಹಾಕುವುದೋ ಹರಿಯುವುದೋ ನೀನೇ ಮಾಡು. ನಿನ್ನ ಬಾಯಿಂದ ಬರಬೇಕಾದ ಮಾತನ್ನು ನಾನು ಕದ್ದು ಹೇಳುವುದಿಲ್ಲ. ಆದರೆ ಈ ಭಾನುವಾರದ ಆಟವೇ ಕೊನೆ, ಅದಾದ ಮೇಲೆ ನಿನ್ನ ಆಟಕ್ಕೆ ನಾನು ತಂತಿಯ ಮುಂದೆ ಕೂರುವುದಿಲ್ಲ. ಬೇರೆ ಯಾರನ್ನಾದರೂ ಕೂರಿಸಿಕೊಳ್ಳಲಿ. ಆ ಸಾಲನ್ನು ನಾನು ಇನ್ನೊಮ್ಮೆ ಟೈಪ್ ಮಾಡಲಾರೆ ಕಣೋ. ನನ್ನಿಂದ ಆಗುವುದಿಲ್ಲ.

ತಮ್ಮನಲ್ಲ ಎಂದರೂ ಸರಿ,
ನಿನ್ನ ಅಕ್ಕ ಒಟಿಲಿ


ಕಾರ್ಬಿನ್
ಆಗಸ್ಟ್ ೨೧, ಭಾನುವಾರ, ಸಂಜೆ

ಅಕ್ಕಾ,

ನಿನ್ನ ಕಾಗದ ಬುಧವಾರ ಸಿಕ್ಕಿತು. ಬ್ಯಾಸ್ಕಮ್‌ಗೆ ಬರೆದದ್ದನ್ನು ಹರಿದೆ. ನಿನಗೆ ಉತ್ತರ ಬರೆಯಲಿಲ್ಲ. ಇವತ್ತೂ ಆಡಿ, ಹತ್ತು ದಿನ ಕಳೆದು ರೈಲು ಹತ್ತುವುದು ಎಂದೇ ಮೈದಾನಕ್ಕೆ ಹೋದೆ.

ಆರನೇ ಇನ್ನಿಂಗ್ಸ್. ಎರಡು ಸ್ಟ್ರೈಕ್, ಎರಡೂ ನನಗೆ ಕಾಣದ ಚೆಂಡುಗಳು. ಪಿಚರ್ ಮೂರನೆಯದಕ್ಕೆ ತಯಾರಾದ. ಅಷ್ಟರಲ್ಲಿ ಟ್ವೀಡಿ ಕೈಯೆತ್ತಿ ಆಟ ನಿಲ್ಲಿಸಿದ. ಪಿಚರ್‌ಗೆ ಬೆನ್ನು ಮಾಡಿ ನನ್ನ ಕಾಲ ಬಳಿ ಬಗ್ಗಿ, ಜೇಬಿನಿಂದ ಪೊರಕೆ ತೆಗೆದು ಹೋಮ್ ಪ್ಲೇಟಿನ ಬಿಳಿ ಹಲಗೆ ಗುಡಿಸತೊಡಗಿದ. ಅದರ ಮೇಲೆ ಒಂದು ಕಣ ಮಣ್ಣಿರಲಿಲ್ಲ ಅಕ್ಕಾ. ಯಾರಿಗಾದರೂ ಪೆಟ್ಟಾಗಿ ಸುಧಾರಿಸಿಕೊಳ್ಳಲು ಹೊತ್ತು ಬೇಕಾದಾಗ ಅಂಪೈರ್‌ಗಳು ಚೊಕ್ಕಟವಾದ ಪ್ಲೇಟನ್ನು ಹಾಗೆ ಗುಡಿಸುತ್ತಾರೆ. ಆಟಗಾರರಿಗೆಲ್ಲ ಗೊತ್ತು, ಯಾರೂ ಅದರ ಮಾತೆತ್ತುವುದಿಲ್ಲ. ನನಗೆ ಇವತ್ತು ಯಾವ ಪೆಟ್ಟೂ ಆಗಿರಲಿಲ್ಲ.

ತಲೆಯೆತ್ತದೆ ಅಂದ: "ಎಂಟು ವಾರ ಆಯ್ತು ಕಣೋ, ನೀನು ನನ್ನ ಬೈದು. ಮೊದಲ ವಾರ ಖುಷಿಯಾಯ್ತು. ಎರಡನೇ ವಾರದಿಂದ ನಂಗೆ ನಿದ್ದೆ ಬರ್ತಿಲ್ಲ."

ಅವನು ಇನ್ನೊಂದು ಮೂಲೆ ಗುಡಿಸಿದ. ಜನ ಕೂಗಲು ಶುರುಮಾಡಿದರು, "ಏನೋ ಟ್ವೀಡಿ, ನಿಮ್ಮನೆ ಅಂಗಳಾನಾ ಅದು?" ಎಂದು.

"ಇನ್ನೊಂದೇ ಸಲ ಗುಡಿಸ್ತೀನಿ," ಅಂದ. "ಅದಕ್ಕಿಂತ ಜಾಸ್ತಿ ನನ್ನ ಸೊಂಟ ತಡೆಯಲ್ಲ. ಹೇಳೋದಿದ್ರೆ ಈಗ ಹೇಳು."

ಯಾವನನ್ನು ಏಳು ವರ್ಷ ಕುರುಡ ಎಂದು ಕೂಗಿದೆನೋ, ಅವನಿಗೆ ಹೇಳಿದೆ: "ನಂಗೆ ಚೆಂಡು ಕಾಣ್ತಿಲ್ಲ ಟ್ವೀಡಿ."

ನಗುತ್ತಾನೆ ಅಂದುಕೊಂಡೆ. ನಗಲು ಅವನಿಗೆ ಪೂರಾ ಹಕ್ಕಿತ್ತು. ಅವನು ಪೊರಕೆಯನ್ನು ಜೇಬಿಗೆ ಹಾಕಿಕೊಂಡು ಕಷ್ಟಪಟ್ಟು ಎದ್ದು, "ಬ್ಯಾಟ್ ಕೆಳಗಿಡು," ಅಂದ. ಇಟ್ಟೆ. ನನ್ನ ಎಡಗಡೆಗೆ ಬಂದು ಮೊಣಕೈ ಹಿಡಿದುಕೊಂಡ. ನಾಲ್ಕು ಸಾವಿರ ಜನ ಒಮ್ಮೆಲೇ ಬಾಯಿ ಮುಚ್ಚಿದರು. ನಮ್ಮ ಬೆಂಚಿನವರೆಗೂ ಹಾಗೇ ನಡೆಸಿಕೊಂಡು ಹೋದ. ದಾರಿಯಲ್ಲಿ ಮೆಲ್ಲಗೆ, "ಲಾಟೀನು ನನ್ನ ಹತ್ರಾನೇ ಇದೆ, ಬೇಕಾದ್ರೆ ತಗೊಂಡ್ಹೋಗು," ಅಂದ. ನಾನು ನಕ್ಕೆ ಅಕ್ಕಾ. ಆಮೇಲೆ ಬೆಂಚಿನ ಮೇಲೆ ಟವಲ್ ಮುಖಕ್ಕೆ ಹಾಕಿಕೊಂಡು ಅತ್ತೆ. ಬ್ಯಾಸ್ಕಮ್‌ಗೂ ಅದನ್ನೇ ಹೇಳಿದೆ. ಸಂಜೆ ಷಿಕಾಗೋಗೆ ಅವನೇ ಫೋನ್ ಮಾಡಿದ.

ಕಣ್ಣಿನ ಡಾಕ್ಟರನ್ನು ಬುಧವಾರ ನೋಡಬೇಕು. ಸರಿಯಾಗಬಹುದು, ಆಗದೆಯೂ ಇರಬಹುದು. ಆಟ ಮಾತ್ರ ಮುಗಿಯಿತು. ಇದನ್ನು ಬರೆಯಲು ಇಷ್ಟು ಹೊತ್ತು ಹಿಡಿಯಿತು.

ಅಮ್ಮನಿಗೆ ಹೇಗೆ ಹೇಳುವುದು? ಮರ್ಲ್ ಇವತ್ತು ನನ್ನ ಕೈಲಿ ಏನು ಮಾಡಿಸಿದ? ಅದನ್ನು ತಿಳಿದುಕೊಂಡು ನೀನೇ ಏನಾದರೂ ಹೇಳು. ನನ್ನಿಂದ ಆಗುವುದಿಲ್ಲ.

ನಿನ್ನ ತಮ್ಮ,
ಲುಡ್ವಿಕ್


ಲಿಂಡೆನ್
ಆಗಸ್ಟ್ ೨೩

ನನ್ನ ಪ್ರೀತಿಯ ಲುಡ್ವಿಕ್,

ನಿನ್ನ ಕಾಗದ ಈಗ ತಾನೇ ಬಂತು. ನಿಂತುಕೊಂಡೇ ಓದಿದೆ.

ಮರ್ಲ್ ಏನು ಮಾಡಿಸಿದ ಎಂದು ಕೇಳಿದ್ದೀಯ. ಎರಡು ಸ್ಟ್ರೈಕ್ ಆದ ಮೇಲೆ ತಂತಿಯಲ್ಲಿ ಬಂದದ್ದು, "ಹವ್ರಾನೆಕ್ ಬ್ಯಾಟ್ ಕೆಳಗಿಟ್ಟ." ಅಷ್ಟೇ. ಆಮೇಲೆ ಗಿಲ್ ಸದ್ದಿಲ್ಲ. ನಾನು ಆ ಚೀಟಿಯನ್ನು ಮರ್ಲ್‌ಗೆ ಕೊಡಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವನು ತಂತಿ ಸತ್ತಿದೆ ಅಂದುಕೊಂಡು ಫೌಲ್ ಶುರುಮಾಡಿದ. ಒಂದು, ಎರಡು, ಐದು, ಒಂಬತ್ತು. ಸಿಗಾರ್ ಡಬ್ಬಿ ಬಡಿದು ಬಡಿದು ಪೆನ್ಸಿಲ್ ಮುರಿಯಿತು, ಬೆರಳಿನಿಂದ ಬಡಿದ. ಹದಿನಾಲ್ಕನೆಯದಕ್ಕೆ ಗಿಲ್ ಬಂದ: "ಹವ್ರಾನೆಕ್ ಬದಲಿಗೆ ಡೌಡ್. ಹೊಸ ಗಾಯವಿಲ್ಲ. ತಾನಾಗಿ ಹೋದ." ಅದನ್ನು ಟೈಪ್ ಮಾಡಿ ಕೊಟ್ಟೆ. ಮರ್ಲ್ ಓದಿ, ಗಾಜಿನಾಚೆಯಿಂದ ನನ್ನ ಕಡೆ ನೋಡಿದ. ಈ ಏಳು ವರ್ಷದಲ್ಲಿ ಮೊದಲ ಸಲ ಏನೂ ಸೇರಿಸದೆ ಹೇಳಿದ: "ಹವ್ರಾನೆಕ್ ಮೈದಾನದಿಂದ ಹೊರಗೆ ಹೋಗ್ತಿದ್ದಾನೆ. ಯಾರಿಗೂ ಏನೂ ಅನ್ನದೆ ಹೋಗ್ತಿದ್ದಾನೆ."

ನಾನು ಓಡುತ್ತಲೇ ಮನೆಗೆ ಬಂದೆ. ಅಮ್ಮ ಆ ಸೆಖೆಯಲ್ಲಿ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಹಿಟ್ಟಿನ ಪಾತ್ರೆ ಹಾಗೇ ಇತ್ತು, ಕೈ ತೊಳೆದುಕೊಂಡಿದ್ದಳು.

"ಹದಿನಾಲ್ಕು ಎಣಿಸಿದೆ," ಅಂದಳು. "ಆಮೇಲೆ ಅಂಪೈರನ್ನ ಬೈಯದೆ ಹೋದ. ನನ್ನ ಮಗ. ಎಷ್ಟು ದಿನದಿಂದ ಹೀಗಿದಾನೆ ಒಟಿಲಿ?"

ನೀನು ಬೇಡ ಅಂದಿದ್ದೆ. ಎಲ್ಲ ಹೇಳಿದೆ. ಜೂನ್ ಎಂಟರಿಂದ ಶುರುಮಾಡಿ, ಭುಜದ ಕಥೆ, ಚೀಟಿಗಳು, ಎರಡಾಗಿ ಬರುವ ಚೆಂಡು, ಒಂದನ್ನೂ ಬಿಡಲಿಲ್ಲ. ಅಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ದೊಡ್ಡ ಶಿಕ್ಷೆ. ನೀನು ಯಾಕೆ ಬ್ಯಾಟ್ ಕೆಳಗಿಟ್ಟೆ ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಅವಳು, "ಕಾಣ್ತಿಲ್ಲ ಅಂತ ಹೇಳಿಬಿಟ್ಟಿರ್ತಾನೆ ಬಿಡು," ಅಂದು ಎದ್ದಳು.

ಸೋಮವಾರ ಬೆಳಗಿನ ರೈಲಿಗೆ ಅವಳನ್ನು ಹತ್ತಿಸಿದೆ. ಕನ್ಸಾಸ್ ಸಿಟಿಯಲ್ಲಿ ಬದಲಾಯಿಸಬೇಕು, ಈ ವಯಸ್ಸಿನಲ್ಲಿ ಮೊದಲ ಸಲ ಒಬ್ಬಳೇ ಹೊರಟಿದ್ದಾಳೆ. ಎರಡು ಡಬ್ಬಿ ಬನ್ನು ಕಟ್ಟಿಕೊಂಡಿದ್ದಾಳೆ. ಒಂದು ನಿನಗೆ. ಇನ್ನೊಂದು ಯಾರಿಗೆ ಎಂದು ಕೇಳಿದರೆ, "ಆ ಕುರುಡು ಗೂಬೆಗೆ. ಇಷ್ಟು ವರ್ಷ ನನ್ನ ಮಗನ ಬಾಯಿ ಸಹಿಸಿಕೊಂಡಿದ್ದಾನಲ್ಲ," ಅಂದಳು. ಪೊರಕೆಯ ವಿಷಯ ತಿಳಿದಿದ್ದರೆ ಇನ್ನೂ ಒಂದು ಡಬ್ಬಿ ಕಟ್ಟುತ್ತಿದ್ದಳೋ ಏನೋ.

ಈ ಕಾಗದಕ್ಕಿಂತ ಅಮ್ಮನೇ ಮೊದಲು ನಿನ್ನ ಬಾಗಿಲಿಗೆ ಬಂದಿರಬಹುದು. ಬರದಿದ್ದರೆ ಒಂದು ಮಾತು ನೆನಪಿಟ್ಟುಕೋ. ಬಾಗಿಲು ತೆಗೆದ ಕೂಡಲೇ ಏನಾದರೂ ಒಂದು ಜಗಳ ತೆಗಿ. ಯಾಕೆ ಬಂದೆ ಅನ್ನು, ಬನ್ನು ಗಟ್ಟಿಯಾಗಿದೆ ಅನ್ನು, ಏನಾದರೂ ಅನ್ನು. ನೀನು ಸುಮ್ಮನೆ ನಿಂತರೆ ಅವಳಿಗೆ ಭಯವಾಗುತ್ತದೆ.

ಎಂದೆಂದಿಗೂ ನಿನ್ನ ಅಕ್ಕ,
ಒಟಿಲಿ